ಹತ್ತಕ್ಕೊಂದು

ಫೆಬ್ರವರಿಯಲ್ಲಿ, ಹಿಮಗಟ್ಟಿದ ಮೂರನೆಯ ರಾತ್ರಿ,
ಡೆಂಟನ್ನಿನ ನಮ್ಮ ಅಟ್ಟದ ಪೈಪು ಒಡೆಯಿತು.
ನಾನು ಫಾರ್ಮಸಿಯಲ್ಲಿದ್ದೆ, ಯಾರದೋ ಕೆಮ್ಮಿನ ಔಷಧಿಗೆ
ಚೀಟಿ ಅಂಟಿಸುತ್ತಾ.
ಮನೆಗೆ ಬಂದರೆ ಹಜಾರದ ಗಾಜಿನ ಬುರುಡೆಯ ತುಂಬ ನೀರು,
ನೀರೊಳಗೆ ದೀಪ ಇನ್ನೂ ಉರಿಯುತ್ತಿತ್ತು.

ಕಂಪನಿಯವನು ಬಂದ. ಹದಿನೆಂಟು ನಿಮಿಷ ಇದ್ದ.
ಬೂಟಿಗೆ ನೀಲಿ ಚೀಲ ತೊಟ್ಟಿದ್ದ, ಬಹಳ ಸಭ್ಯ.
ಒಂಬತ್ತು ಫೋಟೋ ತೆಗೆದ, ಗೋಡೆ ಮುಟ್ಟಲಿಲ್ಲ.
ಎರಡು ವಾರಕ್ಕೆ ಪತ್ರ: ಬಹುಪಾಲು ಹಳೆಯದು;
ಸವಕಳಿ ಕಳೆದು, ನೀವೇ ಭರಿಸಬೇಕಾದ್ದು ಕಳೆದು
ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಡಾಲರು.
ಸವಕಳಿ. ಚಪ್ಪಲಿ ಸವೆಯುತ್ತದೆ, ಗೊತ್ತು.
ಹನ್ನೊಂದು ವರ್ಷ ನಾನು ಒರೆಸಿದ ನೆಲ
ಒರೆಸಿದ್ದಕ್ಕೇ ಸವೆದಿತ್ತಂತೆ.

ಎದುರುಮನೆ ಲೂಪೆ ಹೇಳಿದಳು: ಒಬ್ಬನಿದ್ದಾನೆ,
ಕಂಪನಿಯವನಲ್ಲ, ನಿನ್ನ ಕಡೆಯವನು, ಲೈಸೆನ್ಸು ಇದೆ,
ಬಂದುದರಲ್ಲಿ ಹತ್ತಕ್ಕೊಂದು ಅವನಿಗೆ.
ನನಗೆ ಸೋದರಮಾವ ನೆನಪಾದ, ದನದ ಸಂತೆಯ ದಲಾಲಿ,
ವಲ್ಲಿಯ ಕೆಳಗೆ ಕೈಯೊಳಗೆ ಕೈಯಿಟ್ಟು
ಬೆರಳೊತ್ತಿ ದರ ಹೇಳುತ್ತಿದ್ದವನು.
ಅವನ ತಂಗಿಯೇ ಆದರೂ ಅವ್ವ ಅನ್ನುತ್ತಿದ್ದಳು,
ದಲಾಲಿನ್ನ ನಂಬೂದಂದ್ರ
ಎತ್ತು ಕೊಂಡ ಮ್ಯಾಲ ಹಲ್ಲು ಎಣಿಸಿದಂಗ.

ಆರ್ವಿಲ್ ಟ್ಯಾಕೆಟ್. ಅರವತ್ತೆಂಟು.
ಛಾವಣಿ ಹೊದಿಸುತ್ತಿದ್ದವನು, ಈಗ ಮೊಣಕಾಲು ಮಾತು ಕೇಳುವುದಿಲ್ಲ.
ಸಹಿ ಮಾಡಿಸಿಕೊಂಡು, ಮನಸ್ಸು ಬದಲಾದರೆ
ಮೂರು ದಿನ ಇದೆ ನೋಡಿ, ಅಂದ.
ಮೂರೂ ದಿನ ಬದಲಾಗುತ್ತಲೇ ಇತ್ತು.

ಆಮೇಲೆ ಬಂದು ಗೋಡೆಗೆ ಎರಡು ಸೂಜಿಯ ಯಂತ್ರ ಚುಚ್ಚಿ
ಜ್ವರ ನೋಡುವವನಂತೆ ಕಾದ. ಯಂತ್ರ ಕೂಗಿತು.
ಕಪಾಟಿನ ತಳ, ಕಾರ್ಪೆಟ್ಟಿನಡಿಯ ಸ್ಪಂಜು, ಉಬ್ಬಿದ ಚೌಕಟ್ಟು:
ಅವನು ಹೇಳುತ್ತ ಹೋದ, ನಾನು ಬರೆದೆ.
ಬೀರುವಿನಲ್ಲಿ ಐದು ಇಳಕಲ್ ಸೀರೆ
ಬಣ್ಣ ಬಿಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು.
'ಉಡುಪು, ಐದು' ಎಂದು ಬರೆಯಹೋದೆ.
ಹಾಗಲ್ಲ, ಎಂದ. ಕೈಮಗ್ಗವೋ? ಎಷ್ಟು ಗಜ? ಯಾರು ಕೊಟ್ಟಿದ್ದು?
ಕೊಟ್ಟವರ ಹೆಸರಿಗೆ ದುಡ್ಡು ಬರುತ್ತದೆಯೇ?
ಇಲ್ಲ. ಹೆಸರಿದ್ದರೆ, ಬರೀ ಬಟ್ಟೆ ಅನ್ನಲು
ಅವರಿಗೆ ಕಷ್ಟವಾಗುತ್ತದೆ.
ಒರಳುಕಲ್ಲನ್ನು ಮಾತ್ರ ಸುತ್ತು ಹಾಕಿ ನೋಡಿ ನಕ್ಕ:
ಇದಕ್ಕೆ ಏನೂ ಆಗಿಲ್ಲ, ಮೇಡಂ. ಆಗುವುದೂ ಇಲ್ಲ.

ಚಿಕ್ಕ ಕೋಣೆಯ ಸೂರಿನಲ್ಲಿ ತಟ್ಟೆಯಗಲದ ಕಂದು ಕಲೆ.
ಅದರ ಕೆಳಗೆ ನಿಂತು ಅವನು ಏನೂ ಹೇಳಲಿಲ್ಲ.
ನಾನೂ.
ಬಣ್ಣ ಬಳಿಸಬೇಕೆಂದು ಮೂರು ವರ್ಷದಿಂದ
ಅಂದುಕೊಳ್ಳುತ್ತಲೇ ಬಂದ ಕಲೆ.
ಪೆನ್ನು ಕೈಯಲ್ಲಿತ್ತು. ಸಾಲಿನ ಕೊನೆಗೆ ಅಂಕಿಯ ಜಾಗ ಖಾಲಿ.
ಅವರು ಎಲ್ಲವನ್ನೂ ಹಳೆಯದು ಅಂದರಲ್ಲ,
ನಾನೊಂದನ್ನು ಹೊಸದು ಅಂದರೆ ತಕ್ಕಡಿ ಸಮ ತಾನೇ?
'ಇದು ಹಳೇದು' ಅಂದೆ ಕಡೆಗೆ, ಕನ್ನಡದಲ್ಲಿ.
ಅವನು ನನ್ನ ಮುಖ ನೋಡಿ ಆ ಸಾಲು ಹೊಡೆದುಹಾಕಿದ.
ಕಲೆ ಎಷ್ಟು ಹಳೆಯದೆಂದು ಗೊತ್ತಿತ್ತು, ಎಂದ,
ನೀವು ಹೇಳುತ್ತೀರೋ ಇಲ್ಲವೋ, ಅದೇ ಗೊತ್ತಿರಲಿಲ್ಲ.

ಸೆಪ್ಟೆಂಬರಿಗೆ ಚೆಕ್ಕು. ಮೂವತ್ತೊಂದು ಸಾವಿರ ಚಿಲ್ಲರೆ.
ಮೇಲೆ ಮೂರು ಹೆಸರು: ಸಾಲ ಕೊಟ್ಟ ಬ್ಯಾಂಕಿನದು, ಟ್ಯಾಕೆಟ್ಟನದು,
ಜಾಗ ಸಾಲದೆ 'ಸರ್ವಮಂಗ' ಎಂದು ನಿಂತುಹೋದ ನನ್ನದು.
ಅವನ ಟ್ರಕ್ಕಿನ ಬಾನೆಟ್ಟಿನ ಮೇಲೇ ಸಹಿ ಹಾಕಿದೆ, ಲೋಹ ಸುಡುತ್ತಿತ್ತು.
ಚಿಕ್ಕ ಕೋಣೆಗೆ ಇನ್ನೂ ಬಣ್ಣ ಬಳಿಸಿಲ್ಲ.
ಕೈ ಕುಲುಕಿದೆವು, ನಡುರಸ್ತೆಯ ಬಿಸಿಲಲ್ಲಿ, ವಲ್ಲಿ ಇಲ್ಲದೆ.
ಗಡುಸು ಕೈ. ತೋರುಬೆರಳು ಅರ್ಧವೇ ಇತ್ತು.
ಆ ಅರ್ಧ ಬೆರಳನ್ನು ಮಾವ
ಎಷ್ಟಕ್ಕೆ ಲೆಕ್ಕ ಹಿಡಿಯುತ್ತಿದ್ದನೋ.