ಬಿಳಿ ಶಾಯಿ

ಬೆಳಿಗ್ಗೆ ಓದಲು ಕೂತರು ಐವರು, ಅಲ್ಲಿ ಲಿಲಾಂಗ್ವೆಯಲ್ಲಿ.
ಇಲ್ಲಿ ದರ್ಜಿ ಕಚಿಂಗ್ವೆಯ ಜಗಲಿಯಲ್ಲಿ
ರೇಡಿಯೋ ಒಂದು, ಕಿವಿ ಐವತ್ತು.
ಯಾರದೋ ಮದುವೆಯ ಅಂಗಿ
ಯಂತ್ರದ ಮೇಲೆ, ಒಂದೇ ತೋಳಿನಲ್ಲಿ, ಕಾಯುತ್ತ ಉಳಿಯಿತು.

ತೀರ್ಪೆಂದರೆ ಗುಡುಗು ಅಂದುಕೊಂಡಿದ್ದೆವು.
ಕೆಮ್ಮು. ನೀರಿನ ಗುಟುಕು. ಹಾಳೆ ಮಗುಚುವ ಸದ್ದು.
ಒಂದೊಂದೇ ಕಡಲೆಕಾಯಿ ಸುಲಿದು
ಜೊಳ್ಳು ಆಚೆಗೆ, ಕಾಳು ಈಚೆಗೆ ಹಾಕುವ ಅಜ್ಜಿಯ ನಿಧಾನ.

ಓದುತ್ತಿದ್ದದ್ದು ಇಂಗ್ಲಿಷಿನಲ್ಲಿ.
'ಟೀಚರಮ್ಮ, ಏನಂದರು, ಏನಂದರು?'
ಚಿಚೇವಾದಲ್ಲಿ ಹೇಳುತ್ತ ಹೋದೆ.
'ಈಗ ಬಿಳಿ ಶಾಯಿಯ ಮಾತು,' ಅಂದವಳ ನಾಲಿಗೆ ಒಣಗಿತು.

ಮತ ಎಣಿಸಿದ ರಾತ್ರಿ, ಮೂರನೆಯ ತರಗತಿ ಕೋಣೆ,
ಲಾಟೀನಿನ ಕೆಳಗೆ ಆತ ಕೈ ಚಾಚಿದ್ದ:
'ಬಿಳಿ ಶಾಯಿ ಇದೆಯಾ ಟೀಚರ್? ಕೂಡುವಾಗ ತಪ್ಪಿತು.'
ಮಕ್ಕಳ ಅಂಕಪಟ್ಟಿ ತಿದ್ದುವ ಪುಟ್ಟ ಬಾಟಲಿ. ಕೊಟ್ಟೆ.
ಊದಿ ಊದಿ ಒಣಗಿಸಿದ.
ಕೆಳಗೆ ಯಾವ ಅಂಕಿ ಇತ್ತೋ, ನೋಡಲಿಲ್ಲ.
ಯಾಕೆ ನೋಡಲಿಲ್ಲ ಎಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಸೆಲ್ಲು ಸತ್ತಿತು.
ಕಚಿಂಗ್ವೆ ಬಿಚ್ಚಿ ತಗಡಿನ ಮೇಲಿಟ್ಟ,
ಫೆಬ್ರವರಿಯ ಮೋಡಗಳ ನಡುವಿನ ಚೂರು ಬಿಸಿಲಿಗೆ.
ಮುದುಕ ಗೊಂಡ್ವೆ ನಕ್ಕ: 'ನಮ್ಮ ಪ್ರಾಯದಲ್ಲಿ
ಒಂದೇ ಪಕ್ಷ, ಒಂದೇ ಮುಖ.
ತಪ್ಪಿ ಎಣಿಸೋದಕ್ಕೂ ಎರಡಾದರೂ ಬೇಕಲ್ಲವೇ!'

ಸಂಜೆಗೆ ಸೆಲ್ಲು ಮತ್ತೆ ಉಸಿರಾಡಿತು.
ಐವರದೂ ಒಂದೇ ಮಾತು: ಇದು ಚುನಾವಣೆಯಲ್ಲ,
ಜನರನ್ನು ಇನ್ನೊಮ್ಮೆ ಕೇಳಿ.
ಗೊಬ್ಬರ ಕೊಡಲಿಲ್ಲ, ಯಾರನ್ನೂ ಪಟ್ಟಕ್ಕೇರಿಸಲಿಲ್ಲ ಆ ನ್ಯಾಯಾಲಯ;
ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದು
ಬಿರುಕು ಇಲ್ಲಿದೆ ಅಂದಿತು, ಅಷ್ಟೆ.
ಜಗಲಿ ಕುಣಿಯಿತು. ನನ್ನ ಅನುವಾದ ಯಾರಿಗೂ ಬೇಕಿರಲಿಲ್ಲ.

ಮರುದಿನ ಚಿಕುಂಬುತ್ಸೊ
ಏಳೆಂಟ್ಲ ಐವತ್ನಾಲ್ಕು ಎಂದು ಬರೆದು
ಉಗುಳು ಹಚ್ಚಿದ ಬೆರಳು ಹಾಳೆಗೆ ತಂದ. ಕೈ ಹಿಡಿದೆ.
ಬೇಡ ಮಗು. ಒಂದು ಗೆರೆ ಎಳಿ, ತಪ್ಪು ಕಾಣುವ ಹಾಗೆ.
ಪಕ್ಕದಲ್ಲಿ ಸರಿ ಬರಿ. ಕೆಳಗೆ ನಿನ್ನ ಹೆಸರು.
'ಯಾಕೆ?' ಅಂದ.

ಕಿಟಕಿಯಾಚೆ ಜೋಳದ ತೆನೆ ಹಾಲುಗಟ್ಟುತ್ತಿತ್ತು.
ಮೇಜಿನ ಖಾನೆಯಲ್ಲಿ ಆ ಬಾಟಲಿ ಇನ್ನೂ ಇದೆ.
ಶಾಯಿ ಕಲ್ಲಾಗಿದೆ ಅಂದುಕೊಂಡಿದ್ದೆ;
ಖಾನೆ ಎಳೆದಾಗಲೆಲ್ಲ
ಒಳಗಿನ ಸಣ್ಣ ಗುಂಡು ಸದ್ದು ಮಾಡುತ್ತದೆ.