ಇತರೆ

ಸೊಸೈಟಿಯವರು ಕೊಟ್ಟ ಡೈರಿ.
ಗೀಟು ಎಳೆದವಳು ನಾನು, ಸ್ಕೇಲಿಟ್ಟು, ಆರು ಕಂಬ.
ಮೂರನೆಯದರ ತಲೆಯ ಮೇಲೆ ಈಗಲೂ ‘ಶಾಲೆ’.
ಮಗಳೇ ಸುರತ್ಕಲ್ಲಿನಲ್ಲಿ ತನ್ನ ಮಕ್ಕಳ ಫೀಸು ಕಟ್ಟುತ್ತಾಳೆ;
ಆ ಕಂಬದಲ್ಲಿ ಈಗ ಸಕ್ಕರೆಯ ಮಾತ್ರೆ, ಬಿಪಿಯದು,
ಇವರ ಮಂಡಿಗೆ ಹಚ್ಚುವ ಎಣ್ಣೆ.
ತಲೆಬರಹ ತಿದ್ದಲಿಲ್ಲ.
ಕಲಿಯುತ್ತಲೇ ಇದ್ದೇವಲ್ಲ,
ಊಟಕ್ಕೆ ಮೊದಲೋ, ಆಮೇಲೋ ಎಂದು.

ಗ್ಯಾಸು ಎರಡೂವರೆ ತಿಂಗಳು ಬರುತ್ತದೆ.
ಕುಚ್ಚಲಕ್ಕಿಯ ಮೂಟೆಗೆ ಹುಳ ಬಿದ್ದ ಮೇಲೆ
ಐದೈದು ಕಿಲೋ ತರುವುದು, ಕಿಲೋಗೆ ಮೂರು ರೂಪಾಯಿ ಹೆಚ್ಚು ಕೊಟ್ಟು.
ಕಡಿಮೆ ಉಣ್ಣುವವರಿಗೆ ತುತ್ತು ತುಟ್ಟಿ.
ಇದು ಯಾವ ಲೆಕ್ಕವೋ,
ಕುಲಶೇಖರದ ಮಕ್ಕಳಿಗೆ ಮೂವತ್ತು ವರ್ಷ
ಲಾಭ ನಷ್ಟ ಹೇಳಿಕೊಟ್ಟ ನನಗೂ ಬಿಡಿಸಲಾಗಲಿಲ್ಲ.

ಕುಸುಮಕ್ಕ ಬುಟ್ಟಿ ಇಳಿಸುವ ಮೊದಲೇ ಹೇಳುತ್ತಾಳೆ,
“ಅಂಜಲ್ ಉಂಟು ಟೀಚರೇ. ನಿಮಗಲ್ಲ, ಬಿಡಿ.”
ನಾಲ್ಕು ಬಂಗುಡೆ ಸಾಕು.
ಸಾರು ಹೇಗೂ ನಾಳೆಗೇ ರುಚಿ.

ಸೀರೆ, ಹತ್ತೊಂಬತ್ತು ತಿಂಗಳಿಂದ ಸೊನ್ನೆ.
ಮದುವೆಯ ಕವರು ಕಡಿಮೆಯಾಗಿ
ಬೊಜ್ಜದ ಮನೆಗೆ ಹೋಗಿಬರುವ ರಿಕ್ಷಾ ಹೆಚ್ಚಾಗಿದೆ.

ರಿಕ್ಷಾ, ಅದೇ ಈಗ ಈ ಮನೆಯ ದೊಡ್ಡ ಖರ್ಚು.
ಹದಿನೈದು ನಂಬರಿನ ಫುಟ್‌ಬೋರ್ಡಿನಲ್ಲಿ
ಮೂವತ್ನಾಲ್ಕು ವರ್ಷ ಒಂದು ಕಾಲಲ್ಲಿ ನಿಂತು
“ಬೇಗ ಬೇಗ, ಅಜ್ಜಿಗೊಂದು ಕೈ ಕೊಡಿ” ಎಂದು ಕೂಗಿದವರಿಗೆ
ಆ ಮೆಟ್ಟಿಲು ಈಗ ಎಟುಕುವುದಿಲ್ಲ.
ಪೆನ್ಶನ್ ನನ್ನದೊಂದೇ. ಅವರ ಬಸ್ಸು
ಟಿಕೆಟು ಕೊಟ್ಟಿತು, ಮತ್ತೇನೂ ಕೊಡಲಿಲ್ಲ.

ಆದರೂ ಗುರುವಾರ ಗುರುವಾರ
ಕೊನೆಯ ಕಂಬದಲ್ಲಿ ಅವರ ಓರೆ ಅಕ್ಷರ: ಇತರೆ, ಅರವತ್ತು.
ನಾನು ಕೇಳಿರಲಿಲ್ಲ.
ರಿಕ್ಷಾದ ಹಮೀದನೇ ಹೇಳಿದ್ದು,
ಸ್ಟೇಟ್ ಬ್ಯಾಂಕಿನಲ್ಲಿ ಇಳಿದು ಹುಡುಗರಿಗೆ ಚಾ ಕೊಡಿಸುತ್ತಾರಂತೆ,
ನಿಂತ ಬಸ್ಸಿನ ಬಾಗಿಲ ಸರಳು ಹಿಡಿದು
ಸ್ವಲ್ಪ ಹೊತ್ತು ಹಾಗೇ.
“ಐತಪ್ಪಣ್ಣ, ರೈಟಾ?” ಎಂದರೆ
ಎರಡು ಸಲ ತಗಡು ತಟ್ಟಿ ಕಳಿಸುತ್ತಾರಂತೆ.

ನಿನ್ನೆ ತಿಂಗಳ ಕೊನೆ. ಕೂಡಿಸಿದೆ, ಮತ್ತೆ ಕೂಡಿಸಿದೆ.
“ಹದಿನೆಂಟು ರೂಪಾಯಿ ತಾಳೆ ಆಗುವುದಿಲ್ಲ” ಎಂದೆ.
ಕನ್ನಡಕದ ಮೇಲಿಂದ ನೋಡಿದರು,
ಕಿಸೆ ಮುಟ್ಟಿಕೊಂಡರು, ಹಳೆಯ ಅಭ್ಯಾಸ.
“ಚಿಲ್ಲರೆ ಇಲ್ಲ ಮಾರಾಯ್ತಿ,
ಇಳಿಯುವಾಗ ತಗೊ.”