ಇನ್ನೂ ಓಡಾಕತ್ತದೇನು

ರಾತ್ರಿ ಎರಡಕ್ಕೆ ಯಂಕೋಬನ ಫೋನು:
"ಅಕ್ಕಾರ, ಕಾಟಾ ಬಂದ್ ಆಗ್ಯಾದ್ರಿ.
ಗಾಡಿ ಹತ್ತತಾವು, ಅಂಕಿ ಬರ್ತಾವು,
ಚೀಟಿ ಬರವಲ್ದು."

ಸ್ಕೂಟಿ ಹತ್ತಿ ರಾಯಚೂರು ಗಂಜಿಗೆ ಬಂದರೆ
ಗೇಟಿನಾಚೆತನಕ ಟ್ರ್ಯಾಕ್ಟರು.
ಮಾನ್ವಿ, ಕವಿತಾಳ, ದೇವದುರ್ಗದ ಹತ್ತಿ
ಅಂಡಿಗೆ ಬಿಗಿದು ಕೂತಿದೆ,
ಮೇಲೆ ಮಲಗಿದ ಹುಡುಗರ ತಲೆಯಲ್ಲಿ ಬಿಳೀ ಎಳೆ.
ಮಿರ್ಚಿ ಬಂಡಿಯ ಸುತ್ತ ನಿಂತ ಡ್ರೈವರುಗಳು
ನನ್ನ ವಯಸ್ಸು ತೂಗುತ್ತಾರೆ:
"ಈಕಿ ಏನ್ ರಿಪೇರಿ ಮಾಡಾಕಿ?"

ಸರ್ವರ್ ಅಂದರೆ ಮೇಜಿನ ಕೆಳಗಿನ ಕರೀ ಡಬ್ಬಿ.
ಅದರ ಮೇಲೆ ಯಂಕೋಬನ ಬುತ್ತಿ,
ಬೆಚ್ಚಗಿರಲೆಂದು.

ಕಪ್ಪು ಪರದೆ ತೆರೆದೆ.
ತೂಕದ ಸೇವೆ ಹೇಗಿದೆ, ಕೇಳಿದೆ.
ಕೆಂಪಕ್ಷರ: ಫೇಲ್ಡ್.
ಹಚ್ಚಿದೆ. ಐದು ಸೆಕೆಂಡು ಹಸಿರು, ಆಮೇಲೆ ಕೆಂಪು.
ಮತ್ತೆ. ಕೆಂಪು.
"ಪೂರಾ ಬಂದ್ ಮಾಡಿ ಚಾಲೂ ಮಾಡ್ರಿ" ಅಂದ ಯಂಕೋಬ,
ಊರಿಗೆಲ್ಲ ಗೊತ್ತಿರುವ ಒಂದೇ ಔಷಧ.

ತಡಿ ಅಂದೆ. ಬಿದ್ದವನನ್ನು ಎಬ್ಬಿಸುವ ಮೊದಲು
ಎಡವಿದ ಕಲ್ಲು ಯಾವುದು, ನೋಡೋಣ.

ಲಾಗ್ ಹೇಳಿತು: ಪೋರ್ಟ್ ಖಾಲಿ ಇಲ್ಲ.
ನಿನ್ನೆಯೂ ಅದೇ. ಹೋದ ತಿಂಗಳೂ ಅದೇ.
ಹಿಂದೆ ಹಿಂದೆ ಸರಿಸುತ್ತ ಹೋದೆ
ಸೇವೆ ಶುರುವಾದ ದಿನದತನಕ.
ಒಂದು ದಿನವೂ ಅದು ನಿಂತು ದುಡಿದಿಲ್ಲ.

ನಾನೇ ಬರೆದದ್ದು. ನಾನೇ ಬಿಲ್ಲು ಕೊಟ್ಟದ್ದು.
ಚೀಟಿ ಬರುತ್ತಿತ್ತು, ಯಾರು ಕೇಳುತ್ತಾರೆ?

ಹಾಗಾದರೆ ಇಷ್ಟು ದಿನ ತೂಗಿದವರು?

ಪೋರ್ಟ್ ಹಿಡಿದವರ ಹೆಸರು ಕೇಳಿದೆ.
ಒಂದೇ ಸಾಲು ಬಂತು:
ಎರಡು ಸಾವಿರದ ಏಳುನೂರ ಹದಿನಾಲ್ಕು,
ಹುಸೇನಪ್ಪ,
ನಾನೂರ ಹನ್ನೆರಡು ದಿನದಿಂದ.
ಹೆತ್ತ ಕಿಟಕಿ ಎಂದೋ ಮುಚ್ಚಿದೆ;
ಅನಾಥವನ್ನು ಒಂದನೇ ನಂಬರು ಸಾಕಿಕೊಂಡಿದೆ.

ಹುಸೇನಪ್ಪ ಗೊತ್ತು ನನಗೆ, ನೋಡಿಲ್ಲ.
ಕಾಂಟ್ರ್ಯಾಕ್ಟ್ ಮುಗಿಸಿ ಕಳಿಸಿದ ಹಳೇ ಆಪರೇಟರು,
ಅವನ ಜಾಗಕ್ಕೆ ನನ್ನ ಸೇವೆ.
ಹೋಗುವ ದಿನ ಯಾರಿಗೂ ಹೇಳದೆ
ಕೈಯಾರೆ ಒಂದು ಸಾಲು ಬರೆದು
ಕೊನೆಗೊಂದು ಗಂಟು ಹಾಕಿದ್ದಾನೆ,
ನಾ ಎದ್ದು ಹೋದರೂ ನೀ ನಿಲ್ಲಬೇಡ
ಅನ್ನುವ ಗಂಟು.

ನಿನ್ನೆ ಹಳೇ ಪ್ರಿಂಟರ್ ಬಿಚ್ಚಿ ಗುಜರಿಗೆ ಹಾಕಿದರು.
ಅದು ಹೂಂ ಅನ್ನಲಿ ಅಂತ
ಕಾದು ಕೂತಿದೆ ಈ ಸಾಲು. ಅಷ್ಟೇ ಕಾಯಿಲೆ.

ಒಂಬತ್ತು ಒತ್ತಿದರೆ ಮುಗಿಯಿತು,
ಕೇಳುವುದಿಲ್ಲ ಹೇಳುವುದಿಲ್ಲ, ನೇರ ಕತ್ತಿಗೆ.
ಬೆರಳು ಹೋಗಲಿಲ್ಲ.
ಯಂಕೋಬನ ಹತ್ತಿರ ನಂಬರಿತ್ತು. ಹಚ್ಚಿದ.

ಆ ಕಡೆ ಲಾರಿಗಳ ಸದ್ದು; ಈಗ ಶಕ್ತಿನಗರದಲ್ಲಿ
ಬೂದಿ ಗಾಡಿ ಎಣಿಸುತ್ತಾನಂತೆ.
ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಕ್ಕ:
"ಇನ್ನೂ ಓಡಾಕತ್ತದೇನು ಅದು?
ನಿಮ್ಮ ಹೊಸಾದು ಎರಡು ದಿನ ತಡವರಸ್ತದ ಅಂತ
ಹಚ್ಚಿ ಬಂದಿದ್ದೆ. ಎರಡೇ ದಿನಕ್ಕ!"
"ನಿಲ್ಲಸ್ಲೇನ್ರಿ?"
"ನಿಲ್ಲಸ್ರಿ. ಒಮ್ಮಿಗೇ ಹೊಡಿಬ್ಯಾಡ್ರಿ,
ಕೈಯಾಗಿಂದು ಮುಗಸು ಅಂತ ಹೇಳ್ರಿ. ಕೇಳ್ತದ."

ಹದಿನೈದು ಒತ್ತಿದೆ.
ಕೇಳಿತು.
ಕಡೆಯ ಗಾಡಿಯ ತೂಕ ಬರೆದಿಟ್ಟು,
ಫೈಲು ಮುಚ್ಚಿ, ಪೋರ್ಟ್ ಬಿಟ್ಟು
ಎದ್ದು ಹೋಯಿತು.

ನನ್ನ ಸೇವೆ ಹಚ್ಚಿದೆ.
ಐದು ಸೆಕೆಂಡು. ಹತ್ತು. ಒಂದು ನಿಮಿಷ. ಹಸಿರು.
ಹೊರಗೆ ಟ್ರ್ಯಾಕ್ಟರೊಂದು ಗುರುಗುಟ್ಟಿ ಮೇಲೇರಿತು,
ಹೊಸ ಪ್ರಿಂಟರ್ ಕೆಮ್ಮಿ ಚೀಟಿ ಉಗುಳಿತು,
ಯಂಕೋಬ ಬುತ್ತಿ ಬಿಚ್ಚಿದ.

ವರದಿ ಬರೆಯಲು ಕೂತೆ.
"ದೋಷ: ಪೋರ್ಟ್. ಪರಿಹಾರ: ಆಗಿದೆ."
ಇಷ್ಟು ಬರೆದು ಅಳಿಸಿದೆ. ಮತ್ತೆ ಬರೆದೆ.

ಫೋನು ಇನ್ನೂ ಕಟ್ಟಾಗಿರಲಿಲ್ಲ.
ಆ ಕಡೆ ಅವನೂ ಪ್ರಿಂಟರಿನ ಸದ್ದು ಕೇಳುತ್ತಿದ್ದ.
"ಎಷ್ಟು ಬಂತ್ರಿ?"
"ಅರವತ್ತೆಂಟು ಕ್ವಿಂಟಲ್."
"ಟ್ರ್ಯಾಲಿ ಕಳದೋ, ಕೂಡಿಸೋ?"

ಚೀಟಿ ದೀಪದ ಕೆಳಗೆ ಹಿಡಿದು
ಮತ್ತೊಮ್ಮೆ ನೋಡಿದೆ.